ಕಂಬಳಿಯ ಮೇಲೊಂದು ಬೆಲ್ಟು

ಕಚೇರಿಯಲ್ಲಿ ಎಲ್ಲರೂ ಅವನನ್ನು ದಿಂಬಪ್ಪ ಎಂದೇ ಕರೆಯುತ್ತಿದ್ದರು. ಎಲ್ಲೋ ಒಂದು ಕಾರ್ಖಾನೆಯ ಯಂತ್ರ ಕೆಟ್ಟು ನಿಂತರೆ, ಅದರ ಬಿಡಿಭಾಗವನ್ನು ಕೈಚೀಲದಲ್ಲಿಟ್ಟುಕೊಂಡು ಮುಂದಿನ ವಿಮಾನ ಹತ್ತುವುದು ಅವನ ಕೆಲಸ. ಇಳಿದು ಚೀಲ ಒಪ್ಪಿಸಿದರೆ ಮತ್ತೆ ವಾಪಸು. ಹಾಸಿಗೆಗೆ ಬೆನ್ನು ಕೊಡಲು ಪುರುಸೊತ್ತಿಲ್ಲದವನು ಕುರ್ಚಿಯಲ್ಲೇ ನಿದ್ದೆಯನ್ನು ಪಳಗಿಸಿಕೊಂಡಿದ್ದ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಗುರುವಿನ ಗತ್ತಿನಲ್ಲಿ ಹೇಳುತ್ತಿದ್ದ: "ಕಿಟಕಿ ಪಕ್ಕದ ಸೀಟೇ ತಗೋ, ಗೋಡೆ ನಿನ್ನ ತಲೆ ಹೊರುತ್ತೆ. ಶಾಲು ಸುತ್ತಿ ಗದ್ದದ ಕೆಳಗೆ ಇಟ್ಕೋ, ಕತ್ತು ಜೋಲಲ್ಲ. ಕಾಫಿ ತಂದ್ರೆ ಕೈ ಮುಗಿದುಬಿಡು. ಬೆಲ್ಟನ್ನ ಕಂಬಳಿ ಮೇಲೆ ಹಾಕ್ಕೋ. ಕಣ್ಣಿಗೆ ಕಾಣ್ತಿದ್ರೆ ಯಾರೂ ಎಬ್ಬಿಸಲ್ಲ."

"ಪಕ್ಕದಲ್ಲಿ ಹೆಂಡ್ತಿ ಇದ್ರೆ, ದಿಂಬಪ್ಪನವರೇ?"

"ಕರ್ಕೊಂಡು ಹೋದ್ರೆ ತಾನೇ ಆ ತಾಪತ್ರಯ!" ಎಂದು ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ.

ದೂರದೂರಿನಲ್ಲಿದ್ದ ಮಗಳಿಗೆ ಹೆರಿಗೆಯಾದಾಗ ಕರೆದುಕೊಂಡು ಹೋಗಲೇಬೇಕಾಯಿತು. ಹೊರಡುವ ದಿನ ಹೆಂಡತಿ ಸೂಟ್‌ಕೇಸಿನ ಜಿಪ್ಪು ಎಳೆಯುತ್ತಾ, ಅವನ ಮುಖ ನೋಡದೆ ಹೇಳಿದಳು: "ನಿಮ್ಮ ಹತ್ರ ಮಾತಾಡೋದಿದೆ. ಮನೇಲಾದ್ರೆ ಎದ್ದು ಹೋಗ್ತೀರಿ. ವಿಮಾನದಲ್ಲಿ ಎಲ್ಲಿಗೆ ಹೋಗ್ತೀರಿ? ನಾವಿಬ್ರೂ ಇನ್ನು ಒಟ್ಟಿಗಿರ್ಬೇಕೋ ಬೇಡ್ವೋ, ಅಷ್ಟೇ ವಿಷಯ. ಇದೊಂದು ಸಲ ನಿದ್ದೆ ಮಾಡ್ಬೇಡಿ."

"ನಿನ್ನಾಣೆ ಕಣೇ, ಮಾಡಲ್ಲ" ಎಂದ. ಮನಸಾರೆ ಹೇಳಿದ ಮಾತು. ಅವಳಿಲ್ಲದ ಮನೆಯನ್ನು ಅವನು ಕಲ್ಪಿಸಿಕೊಳ್ಳಲಾರದವನಾಗಿದ್ದ.

ಆದರೆ ಆಣೆ ಇಟ್ಟದ್ದು ಬಾಯಿ. ಮೈಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಕಾಲು ತಾನಾಗಿ ಕಿಟಕಿಯ ಕಡೆ ಸರಿಯಿತು. ಕೈ ಶಾಲನ್ನು ಸುತ್ತಿತು. ಹೆಂಡತಿ ದುರುಗುಟ್ಟಿ ನೋಡಿದಾಗ, "ಚಳಿಗೆ ಅಷ್ಟೇ. ಮೇಲೇರಲಿ, ಆಮೇಲೆ ಹೇಳುವಿಯಂತೆ" ಎಂದ. ವಿಮಾನ ಮೇಲೇರಿತು. ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅಷ್ಟೇ.

ಚಕ್ರ ನೆಲಕ್ಕೆ ಬಡಿದಾಗ ಎಚ್ಚರವಾಯಿತು.

"ಅಯ್ಯೋ, ಎಬ್ಬಿಸಬಾರದಿತ್ತೇನೇ? ಹೇಳು, ಈಗ ಹೇಳು."

"ಹೇಳಿ ಆಯ್ತಲ್ಲ" ಎಂದಳು. "ಮಗಳ ಹತ್ರಾನೇ ಉಳಿದುಬಿಡ್ಲಾ ಅಂದೆ. ಹೂಂ ಅಂದ್ರಿ. ವಾಪಸು ಬರಲ್ಲ, ಆಗ್ಬಹುದಾ ಅಂದೆ. ಅದಕ್ಕೂ ಹೂಂ ಅಂದ್ರಿ."

ಗಗನಸಖಿಯರು ಏನು ಕೇಳಿದರೂ ಕಣ್ಣು ತೆರೆಯದೆ ಹೂಂಗುಟ್ಟಿ ಕಳಿಸುವುದು ಅವನಿಗೆ ಅಂಟಿಕೊಂಡ ಚಾಳಿ. "ಅದು ನಿದ್ದೆಗಣ್ಣಲ್ಲಿ ಅಂದಿದ್ದು ಕಣೇ! ಅದನ್ನ ಲೆಕ್ಕಕ್ಕೆ ತಗೋತಾರಾ?"

"ಎಚ್ಚರ ಇದ್ದಾಗ ಅದಕ್ಕಿಂತ ಹೆಚ್ಚು ಏನಂದಿದ್ದೀರಿ ಹೇಳಿ?"

ಮುಂದಿನ ಸಾಲಿನವರು ತಿರುಗಿ ನೋಡಿದರು. ಅವನು ಇಷ್ಟು ವರ್ಷಗಳಲ್ಲಿ ತಾನು ಆಡಿರಬಹುದಾದ ಒಂದಾದರೂ ಮಾತಿಗಾಗಿ ತಡಕಾಡಿದ. ಅಷ್ಟರಲ್ಲಿ ಜನ ಎದ್ದು ನಿಂತರು. ಅವಳೂ ಎದ್ದಳು.

ಮಗಳ ಮನೆಯಲ್ಲಿ ಕೂಸನ್ನು ಎತ್ತಿಕೊಂಡು ಅವನು ಅತ್ತ. ತಪ್ಪಾಯಿತು ಎಂದ, ಕೆಲಸ ಬಿಡುತ್ತೇನೆ ಎಂದ. ಮಗಳು ಅಪ್ಪನ ಕಣ್ಣು ತಪ್ಪಿಸಿ ಅಡುಗೆಮನೆಗೆ ಹೋದಳು. ಹೆಂಡತಿ ಕೂಸನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಮಲಗಿದೆ, ಸುಮ್ನಿರಿ" ಎಂದಳು.

ವಾಪಸು ಹೊರಟಾಗ ಪಕ್ಕದ ಸೀಟು ಖಾಲಿ. ಈ ಹೊತ್ತಿನಲ್ಲಾದರೂ ನಿದ್ದೆ ಬರಬಾರದು ಎಂದು ಅವನು ಹಲ್ಲು ಕಚ್ಚಿ, ನೆಟ್ಟಗೆ ಕುಳಿತ.

ಬಂತು. ಎಂದಿನಂತೆ, ಸೊಗಸಾಗಿ ಬಂತು.