ಮುಟ್ಟಿತು ಅನ್ರಿ

ನನ್ನ ಪ್ರಾಜೆಕ್ಟು ಆಗೂದೇ ಇಲ್ಲ ಎಂದು ಮೊದಲು ಹೇಳಿದವರು ವೆಂಕೋಬಾಚಾರ್ರು. ಕಾಲೇಜಿನವರಲ್ಲ, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ಆಫೀಸಿನ ಗುಮಾಸ್ತರು.

ಅವರು ಕುಂತದ್ದನ್ನು ನಾನು ನೋಡೇ ಇಲ್ಲ. ಒಂದು ಮೂಲೆಯಲ್ಲಿ ಫೋನು, ಇನ್ನೊಂದರಲ್ಲಿ ಫ್ಯಾಕ್ಸು, ಕಿಟಕಿಯ ಹತ್ತಿರ ಆಗಷ್ಟೇ ಬಂದ ಕಂಪ್ಯೂಟರು. ಯಾವುದು ಕೂಗಿದರೆ ಅಲ್ಲಿಗೆ, ಧೋತರದ ಚುಂಗು ಹಿಡಿದು ಓಟ. ಆ ಕಡೆಯವರು ಸುದ್ದಿ ‘ಮುಟ್ಟಿತು’ ಅನ್ನುವ ತನಕ ಫೋನು ಇಡುತ್ತಿರಲಿಲ್ಲ.

“ಹೂಂ ಅನ್ನಬ್ಯಾಡ್ರಿ! ಹೂಂ ಅಂತ ಎಮ್ಮೀನೂ ಅಂತದ. ಮುಟ್ಟಿತು ಅನ್ರಿ!”

ನಮ್ಮವ್ವ ಆ ಆಫೀಸಿನ ಅಂಗಳದಲ್ಲೇ ಕಲ್ಲು ಹೊರುತ್ತಿದ್ದಳು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಹತ್ತನೇ ಇಯತ್ತೆ ದಾಟಿರಲಿಲ್ಲ. ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೆ. ಪ್ರಾಜೆಕ್ಟು ಬಿದ್ದರೆ ಡಿಗ್ರಿಯೂ ಬಿದ್ದಂತೆ. ಫೋನು, ಫ್ಯಾಕ್ಸು, ಈ-ಮೇಲು, ಎಲ್ಲಿಂದ ಬಂದ ಸುದ್ದಿಯಾದರೂ ಒಂದೇ ಪರದೆಯ ಮೇಲೆ ಕಾಣಬೇಕು, ಅದೇ ನನ್ನ ಪ್ರಾಜೆಕ್ಟು. ಪರೀಕ್ಷಿಸಲು ಆಚಾರ್ರ ಆಫೀಸನ್ನೇ ಕೇಳಿದೆ.

“ಏನವ್ವಾ ಇಂಜಿನಿಯರ್, ನಾ ಮಾಡೂ ಕೆಲಸ ಆ ಡಬ್ಬಿ ಮಾಡ್ತದೇನು? ಆಗಂಗಿಲ್ಲ ಬಿಡು,” ಎಂದರು. ಅಂದರೂ ಕುರ್ಚಿ ಬಿಟ್ಟುಕೊಟ್ಟರು. ಅವರಿಗೆ ಕುರ್ಚಿ ಬೇಕಾಗಿರಲೂ ಇಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟಿನ ಪರೀಕ್ಷೆಗೆ ಒಂದೇ ವಾರ ಉಳಿದಿತ್ತು. ಆಚಾರ್ರು ಮದುವೆಗೆಂದು ಚಿತ್ತಾಪುರಕ್ಕೆ ಹೋದ ದಿನ ನಾನೇ ಫೋನು ಹಿಡಿದೆ. ಹೈದರಾಬಾದಿನ ವ್ಯಾಪಾರಿ ಒಂದು ಲಾರಿ ಕಲ್ಲು ಕೇಳಿದ. ಟೈಪ್ ಮಾಡಿ ಪರದೆಗೆ ಏರಿಸಿದೆ. ತುಸು ಹೊತ್ತಿಗೆ ಅವನದೇ ಫ್ಯಾಕ್ಸು ಬಂತು, ಆಮೇಲೆ ಈ-ಮೇಲು. ಮೂರೂ ಪರದೆಯ ಮೇಲೆ ಚಂದ ಸಾಲಾಗಿ ನಿಂತವು. ನಾನು ಹಿಗ್ಗಿದೆ. ಮಾಲಕರು ಬಂದು ಪರದೆ ನೋಡಿ ಮೂರು ಲಾರಿ ತುಂಬಿಸಿ ಕಳಿಸಿದರು.

ಮಾರನೇ ದಿನ ಎರಡು ಲಾರಿ ಹಂಗೇ ತಿರುಗಿ ಬಂದವು. ತುಂಬಿದವಳೂ ಅವ್ವ, ಇಳಿಸಿದವಳೂ ಅವ್ವ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಮದುವೆಯಿಂದ ತಿರುಗಿ ಬಂದ ಆಚಾರ್ರು ಬೈಯಲಿಲ್ಲ. ಗ್ವಾಡಿಯಿಂದ ಗ್ವಾಡಿಗೆ ತಿರುಗುತ್ತ ಕೇಳಿದರು: “ಮೂರು ಸುದ್ದಿ ಅಲ್ಲವ್ವಾ ಇದು. ಒಂದೇ ಸುದ್ದಿ ಮೂರು ಅಂಗಿ ಹಾಕ್ಕೊಂಡು ಬಂದದ. ಯಾಕ ಬಂತು? ಫೋನಿನ್ಯಾಗ ನೀ ಏನಂದಿ?”

“ಹೂಂ ಅಂದೆ ರೀ.”

“ಎಮ್ಮಿ!” ಎಂದು ಹಣೆ ಬಡಿದುಕೊಂಡರು. “ಮುಟ್ಟಿತೋ ಇಲ್ಲೋ ಅಂತ ಪಾಪ ಮತ್ತ ಮತ್ತ ಕಳಿಸ್ಯಾನ. ನಿನ್ನ ಡಬ್ಬಿಗೂ ಕಿವಿ ಅದ, ಬಾಯಿ ಇಲ್ಲ ನೋಡು, ಬಾಯಿ!”

ಆ ವಾರ ನನಗೂ ಕೂಡಲಾಗಲಿಲ್ಲ. ನಿಂತೇ ಉಂಡೆ, ಗುಲಬರ್ಗಾದ ರೈಲಿನಲ್ಲೂ ಬಾಗಿಲ ಹತ್ತಿರ ನಿಂತೇ ಹೋದೆ. ಬಂದ ಪ್ರತಿ ಸುದ್ದಿಗೂ ಒಂದು ನಂಬರು ಕೊಟ್ಟೆ. ಬಂದ ದಾರಿಯಲ್ಲೇ ‘ಮುಟ್ಟಿತು’ ಎಂಬ ಉತ್ತರ ತಿರುಗಿ ಹೋಗುವಂತೆ ಮಾಡಿದೆ. ಅದೇ ಮನುಷ್ಯ ಮತ್ತೆ ಕಳಿಸಿದರೆ ‘ಹಳೇದೋ ಹೊಸದೋ’ ಎಂದು ಯಂತ್ರವೇ ಕೇಳುತ್ತಿತ್ತು. ಇದು ನಿನಗೆ ಹೇಗೆ ಹೊಳೆಯಿತು ಎಂದರು ಪರೀಕ್ಷಕರು. ನಮ್ಮ ಆಚಾರ್ರ ಬುದ್ಧಿ ಎಂದೆ. ಯಾವ ಕಾಲೇಜಿನವರು ಅವರು ಎಂದು ಬರೆದುಕೊಳ್ಳಲು ಪೆನ್ನು ತೆಗೆದರು.

ಪಾಸಾದೆ. ಆದರೆ ಸರ್ಟಿಫಿಕೇಟು ಕೈಗೆ ಬರುವಷ್ಟರಲ್ಲಿ ಆಚಾರ್ರು ತೀರಿಕೊಂಡಿದ್ದರು. ಆ ಮೂಲೆಯಲ್ಲಿ ಫೋನು ಕೂಗುತ್ತಲೇ ಇತ್ತು. ಓಡಿ ಬರುವವರು ಯಾರೂ ಇರಲಿಲ್ಲ. ಅಂಗಳದಲ್ಲೇ ಅವ್ವನ ಕೈಗೆ ಕಾಗದ ಕೊಟ್ಟೆ. ಕೈಯ ಕಲ್ಲುಪುಡಿ ಸೆರಗಿಗೆ ಒರೆಸಿ, ತೆಗೆದುಕೊಂಡು, ಓದು ಬಾರದ ಕಣ್ಣಲ್ಲಿ ಮೇಲಿಂದ ಕೆಳಗೆ ನೋಡಿದಳು.

“ಏನರ ಅನ್ನಬೇ ಅವ್ವಾ,” ಎಂದೆ.

“ಹೂಂ,” ಎಂದಳು. ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿ, ನಾಲಿಗೆ ಕಚ್ಚಿಕೊಂಡಳು.

“ಮುಟ್ಟಿತವ್ವಾ,” ಎಂದಳು.