‘ಇರ್ಲಿ ಬಿಡು’ ಅನ್ನುವವರು

ಹಸುಗೂಸನ್ನು ಮುಟ್ಟುವ ಮೊದಲು ಡಾಕ್ಟರ್ ವೃಂದಾಬಾಯಿ ಕೈ ತೊಳೆದುಕೊಂಡು, ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತ ನಿಲ್ಲುತ್ತಿದ್ದರು. ಬೇಸಿಗೆಯಲ್ಲೂ ಅವರ ಕೈ ತಣ್ಣಗೆ. ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಅದು ಬೆಚ್ಚಗಾಗುವವರೆಗೆ ಕೂಸಿನ ಹತ್ತಿರ ಹೋಗುತ್ತಿರಲಿಲ್ಲ.

ಶಿಗ್ಗಾಂವದ ಬಸ್‌ಸ್ಟ್ಯಾಂಡಿನ ಹಿಂದೆ ಅವರದು ಮಕ್ಕಳ ಸಣ್ಣ ಆಸ್ಪತ್ರೆ. ದಿನಾಲೂ ಸವಣೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಾನಗಲ್ಲಿನವಳಾದ ನಾನು ನರ್ಸಿಂಗ್ ಮುಗಿಸಿ ಅಲ್ಲಿ ಸೇರಿದ ದಿನ ಅವರು ಹೇಳಿದ್ದು ಇಷ್ಟೇ: “ಇಲ್ಲೆ ಅಳೋದು ಕೂಸಿನ ಕೆಲಸ ಶಾಂತಾ. ನೀ ಅಳಬ್ಯಾಡ.” ಅದು ತಮಾಷೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಒಮ್ಮೆ ಹಂಸಭಾವಿಯ ಅಜ್ಜಿಯೊಬ್ಬಳು ಬಾಣಂತಿ ಸೊಸೆಯ ಮೊದಲ ಹಳದಿ ಹಾಲನ್ನು ಅರಿವೆಗೆ ಹಿಂಡಿಸುತ್ತಿದ್ದಳು.

“ಕೆಟ್ಟ ಹಾಲ್ರಿ ಅದು. ನಮ್ಮಲ್ಲಿ ಮೊದಲ ಬೆಲ್ಲದ ನೀರು ಕುಡಸ್ತೇವ್ರಿ. ನನ್ನ ಮಗಾನೂ ಹಂಗ ಬೆಳದಾನ್ರಿ.”

“ಅದಕ್ಕ ಅಂವ ನಿನ್ನ ಮಾತು ಕೇಳೂದಿಲ್ಲ,” ಎನ್ನುತ್ತ ಡಾಕ್ಟರ್‌ಬಾಯಿ ಮಂಚದ ತುದಿಗೆ ಕುಳಿತರು. “ಕೇಳಿಲ್ಲೆ ಯಜಮಾನ್ತಿ. ಹುಟ್ಟಿದ ಕೂಸಿನ ಮೈಯಾಗ ಕಾವಲು ಕಾಯೋ ಮಂದಿ ಇರ್ತಾರ. ಎಲ್ಲಾರೂ ಹೊಸಬರು. ಯಾರು ನಮ್ಮವ್ರು, ಯಾರು ಕಳ್ಳರು, ಗೊತ್ತಿರೂದಿಲ್ಲ. ಕಂಡವ್ರನ್ನ ಬಡಿಲಿಕ್ಕೆ ಹೋಗ್ತಾರ. ನಿಮ್ಮ ಮನ್ಯಾಗ ಜಗಳ ಹತ್ತಿದ್ರ ಯಾರರೆ ಒಬ್ಬರು ‘ಇರ್ಲಿ ಬಿಡು’ ಅಂತಾರಿಲ್ಲೋ? ಮೈಯಾಗೂ ಅಂಥವ್ರು ಬೇಕು. ಅವ್ರನ್ನ ತಯಾರು ಮಾಡ್ಲಿಕ್ಕೆ ಹೊಟ್ಟಿಯೊಳಗ ಹುಳ ಬೇಕು. ಕಣ್ಣಿಗೆ ಕಾಣದಂಥಾವು. ತಾಯಿ ಮೈಯಿಂದ, ಈ ಹಾಲಿನಿಂದ ಬರ್ತಾವ.”

“ಹುಳಾ ಏನ್ರಿ?” ಅಜ್ಜಿ ಮುಖ ಸಿಂಡರಿಸಿದಳು.

“ಒಳ್ಳೇ ಹುಳ. ನಿನ್ನ ಹೊಟ್ಟ್ಯಾಗೂ ಅವ.”

ಅಜ್ಜಿ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು. ಆದರೆ ಸೊಸೆ ಅಂದೇ ಕೂಸಿಗೆ ಎದೆ ಕೊಟ್ಟಳು.

ಮೈಯೊಳಗೆ ಜಗಳ ಬಿಡಿಸುವ ಅವರಿಗೆ ಪುಸ್ತಕದಲ್ಲಿ ನಿಯಂತ್ರಕ ಕೋಶಗಳು ಎಂದು ಹೆಸರು. ನಮ್ಮ ಆಸ್ಪತ್ರೆಯಲ್ಲಿ ಅವು ‘ಇರ್ಲಿ ಬಿಡು ಅನ್ನೋರು’. ಅವುಗಳ ಸಲುವಾಗಿಯೇ ಡಾಕ್ಟರ್‌ಬಾಯಿ ಆ್ಯಂಟಿಬಯೋಟಿಕ್ ವಿಷಯದಲ್ಲಿ ಬಿಗಿ; ಆ ಔಷಧ ಒಳ್ಳೇ ಹುಳಗಳನ್ನೂ ಕೊಲ್ಲುತ್ತದೆ. ಸೋಂಕಿನ ಸಂಶಯವಿದ್ದರೆ ತಡಮಾಡದೆ ಕೊಡುವರು. ರಕ್ತದ ವರದಿ ಸ್ವಚ್ಛವಿದ್ದು ಕೂಸು ಚೆನ್ನಾಗಿದ್ದರೆ ತಡಮಾಡದೆ ನಿಲ್ಲಿಸುವರು. “ಕಳ್ಳ ಇಲ್ಲಂತ ಗೊತ್ತಾದಮ್ಯಾಲೂ ಮನಿತುಂಬ ಬಡಿಗಿ ಬೀಸಿದ್ರ ಒಡಿಯೋದು ನಮ್ಮ ಗಡಿಗೀನ,” ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಮೇಧಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯೋಣ ಎಂದ ಅಳಿಯ. “ಅವ್ವನ ಕಡೇನ ಇರ್ಲಿ,” ಎಂದಳು ಮೇಧಾ. ಸೋಂಕಿನ ಸಂಶಯದಿಂದ ಔಷಧ ಶುರುವಾಯಿತು. ವರದಿ ಸ್ವಚ್ಛ ಬಂತು. ಡಾಕ್ಟರ್‌ಬಾಯಿ ಅದನ್ನು ನನ್ನ ಕೈಗೂ ಕೊಟ್ಟು, “ನೀನೂ ನೋಡು,” ಎಂದರು. ನೋಡಿದೆ. ಔಷಧ ನಿಲ್ಲಿಸಿದರು. ಕೂಸು ತಾಯಿಯ ಹಾಲು ಕುಡಿಯಿತು, ಮುಖಕ್ಕೆ ಕಳೆ ಬಂತು.

ಕೆಲವು ದಿನಗಳ ನಂತರ ಒಂದು ಮುಂಜಾನೆ ಅದರ ಹೊಟ್ಟೆ ಉಬ್ಬಿತು. ಹಸಿರು ವಾಂತಿಯಾಯಿತು. ಮತ್ತೆ ಔಷಧ ಕೊಟ್ಟು, ಆ್ಯಂಬುಲೆನ್ಸಿನಲ್ಲಿ ತಾವೇ ಕುಳಿತು ಹುಬ್ಬಳ್ಳಿಗೆ ಒಯ್ದರು. ಸಂಜೆ ಕೂಸನ್ನು ಬಿಳಿ ಅರಿವೆಯಲ್ಲಿ ಸುತ್ತಿ ಸವಣೂರಿನ ಮನೆಗೆ ತಂದರು.

“ಔಷಧ ನಿಲ್ಲಿಸಿದವ್ರು ನೀವ,” ಎಂದ ಅಳಿಯ, ಎಲ್ಲರ ಮುಂದೆ. ಮತ್ತೊಮ್ಮೆ ಅದನ್ನೇ ಅಂದ. ಮೇಧಾ ಗೋಡೆಯ ಕಡೆ ಮುಖ ತಿರುಗಿಸಿದಳು. ಮನೆ ತುಂಬ ಜನವಿದ್ದರು. ಒಬ್ಬರೂ ‘ಇರ್ಲಿ ಬಿಡ್ರಿ’ ಅನ್ನಲಿಲ್ಲ.

ನಿಲ್ಲಿಸಿದ್ದರಲ್ಲಿ ತಪ್ಪಿಲ್ಲ, ದಿನ ತುಂಬದ ಕೂಸುಗಳ ಕರುಳಿಗೆ ಹೀಗೂ ಆಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರರು ಹೇಳಿದ್ದರು. ಕೂಸಿನ ಕುಲಾವಿಗಳನ್ನು ಮಡಚಿಡುತ್ತ ಡಾಕ್ಟರ್‌ಬಾಯಿ ನನಗೆ ಅಂದರು: “ಮಾಡಿದ್ದು ಸರೀನ ಅದ ಶಾಂತಾ. ನಾಳೆ ಇಂಥಾದ ಕೂಸು ಬಂದ್ರ ಹಂಗ ಮಾಡ್ತೇನಿ. ಆದ್ರ ಸರಿ ಅದ ಅಂತ ಮೇಧಾನ ಮುಂದ ಹೆಂಗ ಹೇಳ್ಲಿ?”

ಅಂಥದೇ ಕೂಸು ಬಂತು, ಹಿರೇಕೆರೂರಿನಿಂದ. ವರದಿ ಸ್ವಚ್ಛ ಬಂದಾಗ ಔಷಧ ನಿಲ್ಲಿಸಿದರು. ಅಂದು ಅಂಗೈಗಳನ್ನು ಬಹಳ ಹೊತ್ತು ಉಜ್ಜಿದರು. ಊಟಕ್ಕೂ ಏಳದೆ ಅದರ ಪಕ್ಕದಲ್ಲೇ ಕುಳಿತರು. ಆ ಕೂಸು ಉಳಿಯಿತು. ಮೇಧಾ ತವರಿಗೆ ಬರುವುದನ್ನು ಬಿಟ್ಟಳು.

ಕಳೆದ ಬೇಸಿಗೆಯಲ್ಲಿ ಅವರ ಹೃದಯ ಸೋತಿದೆ ಎಂದು ತಿಳಿದು ಸವಣೂರಿಗೆ ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮೇಧಾ ಬಂದಿದ್ದಳು, ಮಂಚದಿಂದ ದೂರ, ಕಿಟಕಿಯ ಹತ್ತಿರ ಕುಳಿತಿದ್ದಳು.

“ಹಿರೇಕೆರೂರ ಕೂಸು ಹೆಂಗದ?” ಎಂದು ಕೇಳಿದರು ಡಾಕ್ಟರ್‌ಬಾಯಿ.

“ಓಡ್ಯಾಡತೈತ್ರಿ.”

“ಮಣ್ಣು ತಿಂತದೋ?”

“ತಿಂತೈತಂತ್ರಿ. ಅವ್ರವ್ವ ಬೈತಾಳ.”

ಅವರು ಸ್ವಲ್ಪ ನಕ್ಕರು. ಆಮೇಲೆ ಏನೋ ನೆನಪಾದವರಂತೆ ಅಂಗೈಗಳನ್ನು ಉಜ್ಜಲು ನೋಡಿದರು. ಶಕ್ತಿ ಸಾಲದೆ ಕೈಗಳು ಹೊದಿಕೆಯ ಮೇಲೆ ಬಿದ್ದವು. “ಬೆಚ್ಚಗ ಆಗವಲ್ವು,” ಎಂದರು.

ಮೇಧಾ ಎದ್ದು ಬಂದಳು. ಅವ್ವನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ತೆಗೆದುಕೊಂಡು ಉಜ್ಜತೊಡಗಿದಳು.

“ಇರ್ಲಿ ಬಿಡವಾ,” ಎಂದರು ಡಾಕ್ಟರ್‌ಬಾಯಿ.

ಮೇಧಾ ಬಿಡಲಿಲ್ಲ. ನಾನು ಬಾಗಿಲು ದಾಟುವಾಗಲೂ ಉಜ್ಜುತ್ತಲೇ ಇದ್ದಳು.