ಬೇಡ ಅಂದರೆ ಹೋಳಿಗೆ ಇಲ್ಲ

ಕಳೆದ ಭಾನುವಾರ ಅಡ್ಡಗದ್ದೆಯ ಒಂದು ಸೀಮಂತದ ಊಟದಲ್ಲಿ ನನಗೆ ಹೋಳಿಗೆ ಸಿಗಲಿಲ್ಲ. ಖಾಲಿಯಾಗಿತ್ತು ಅಂದುಕೊಳ್ಳಬೇಡಿ. ಬುಟ್ಟಿ ತುಂಬಾ ಇತ್ತು, ಬಿಸಿಬಿಸಿ, ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ಇಷ್ಟು ಖುಷಿಯಾಗಿ ಹೋಳಿಗೆ ತಪ್ಪಿಸಿಕೊಂಡಿದ್ದು ಜನ್ಮದಲ್ಲೇ ಮೊದಲು!

ನಾನು ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಕೌನ್ಸೆಲಿಂಗ್ ರೂಮ್ ಇಟ್ಟುಕೊಂಡವಳು, ನಿಮಗೆ ಗೊತ್ತೇ ಇದೆ. ನನ್ನ ಕ್ಲೈಂಟ್‌ಗಳಲ್ಲಿ ಒಬ್ಬಳು ಸುಮ. (ಹೆಸರು ಬದಲಿಸಿದ್ದೇನೆ. ಬರೆಯಲು ಒಪ್ಪಿದವಳೂ ಅವಳೇ, ಈ ಹೆಸರು ಆರಿಸಿದವಳೂ ಅವಳೇ. ಊರಿನ ಹೆಸರು ಮಾತ್ರ ಇರಲಿ ಎಂದಳು. "ಊಟಕ್ಕೆ ಬಂದವರಿಗೆ ಗೊತ್ತಾಗಬೇಕಲ್ಲ!") ವಯಸ್ಸು ಇಪ್ಪತ್ತಾರು, ಡಿಟಿಪಿ ಅಂಗಡಿಯಲ್ಲಿ ಕೆಲಸ. ತಾನು ಆಟಿಸ್ಟಿಕ್ ಎಂದು ಅವಳಿಗೆ ತಿಳಿದಿದ್ದು ಈಚೆಗೆ. ಆಟಿಸಂ ಅಂದರೆ ಮಕ್ಕಳ ವಿಷಯ ಅಂತಲೇ ನಮ್ಮಲ್ಲಿ ಬಹಳ ಜನರ ಎಣಿಕೆ. ಆ ಮಕ್ಕಳು ದೊಡ್ಡವರಾಗುವುದಿಲ್ಲವೇ?

ಸುಮಳಿಗೆ ಎಲೆಯ ಮೇಲೆ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು. ಹಟವಲ್ಲ, ತಾಗಿದರೆ ಅವಳಿಗೆ ಮೈಯೆಲ್ಲ ಮುಳ್ಳು ಎದ್ದಂತಾಗುತ್ತದೆ. ನಮ್ಮ ಕಡೆಯ ಪಂಕ್ತಿ ಊಟ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕೇ? "ಬೇಡ" ಎಂದರೆ ಒಂದು ಸೌಟು, "ಖಂಡಿತ ಬೇಡ" ಎಂದರೆ ಎರಡು ಸೌಟು. ಎಲೆಗೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲೇ ಪಾಯಸ ಸುರಿಯುವ ಜನ ನಾವು. ಅದಕ್ಕೆ ಉಪಚಾರ ಎಂದು ಹೆಸರು.

ಹೋದ ವರ್ಷ ಒಂದು ಮದುವೆಯಲ್ಲಿ ಹಾಗೇ ಆಯಿತು. ಬಡಿಸುವುದರಲ್ಲಿ ಎತ್ತಿದ ಕೈ, ನೆಮ್ಮಾರಿನ ಅವಳ ದೊಡ್ಡಪ್ಪ. ಸುಮ ಬೇಡ ಬೇಡ ಎನ್ನುತ್ತಿದ್ದಂತೆ ಪಾಯಸ ಸುರಿದರು. ಅದು ಹರಿದು ಕೋಸಂಬರಿಗೆ ಬಂತು, ಪಲ್ಯಕ್ಕೂ ಬಂತು. ಸುಮ ಅರ್ಧ ಊಟದಲ್ಲಿ ಎದ್ದು ಹೋಗಿ ಜೀಪಿನಲ್ಲಿ ಕೂತವಳು ಸಂಜೆಯವರೆಗೆ ಇಳಿಯಲಿಲ್ಲ. ನೆಂಟರು ಅಹಂಕಾರ ಎಂದರು. ಆಮೇಲೆ ಅವಳು ಯಾವ ಸಮಾರಂಭಕ್ಕೂ ಹೋಗಿಲ್ಲ.

ಈಗ ಬಂದಿದ್ದು ಸ್ವಂತ ತಂಗಿಯ ಸೀಮಂತ. "ಅಕ್ಕ ಇಲ್ಲದಿದ್ದರೆ ನಾನು ಮಣೆ ಮೇಲೆ ಕೂರೋದೇ ಇಲ್ಲ" ಎಂದು ತಂಗಿ ಪಟ್ಟು ಹಿಡಿದಿದ್ದಳು. ಸುಮಳಿಗೂ ಹೋಗುವ ಆಸೆ. ಆಸೆಗಿಂತ ಭಯ ದೊಡ್ಡದು.

ನಾನು ಪ್ಲಾನ್ ಹಾಕಿದೆ. (ನಮ್ಮ ವೃತ್ತಿಯವರಿಗೆ ಪ್ಲಾನ್ ಅಂದರೆ ಪ್ರಾಣ.) ಪಂಕ್ತಿಯ ಗಲಾಟೆ ರೆಕಾರ್ಡ್ ಮಾಡಿ ಸಣ್ಣ ವಾಲ್ಯೂಮಿನಲ್ಲಿ ಕೇಳಿಸುವುದು, ಎಲೆ ಹಾಕಿ ಸ್ವಲ್ಪ ಸ್ವಲ್ಪ ಬಡಿಸಿ ಪ್ರಾಕ್ಟೀಸ್ ಮಾಡಿಸುವುದು. ಸುಮ ಕಿಟಕಿ ನೋಡುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಬೇಡ ಅಂತ ನಾನು ಸರಿಯಾಗಿಯೇ ಹೇಳಿದ್ದೆ ಮೇಡಂ. ದೊಡ್ಡಪ್ಪ ಕೇಳಿಸಿಕೊಳ್ಳಲಿಲ್ಲ. ಪ್ರಾಕ್ಟೀಸ್ ನನಗ್ಯಾಕೆ?"

ನನ್ನ ಪ್ಲಾನ್ ಅಲ್ಲಿಗೆ ಮಗುಚಿತು! ಸಹಿಸಿಕೊಳ್ಳುವುದನ್ನು ಕಲಿಸುವುದೂ ಒಂದು ಥೆರಪಿಯೇ? ಸರಿ, ನಿನಗೆ ಹೇಗಾದರೆ ಆಗುತ್ತದೆ ಎಂದು ಕೇಳಿದೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ.

"ಕೂತರೆ ಮೇಲಿಂದ ಎಂತ ಬೀಳ್ತದೆ ಅಂತ ಗೊತ್ತಾಗಲ್ಲ. ನಿಂತರೆ ಪರವಾಗಿಲ್ಲ. ನಾನೇ ಬಡಿಸ್ತೀನಿ. ಹೋಳಿಗೆ. ಅದು ಹರಿಯಲ್ಲ."

ಅವಳ ಅಮ್ಮನಿಗೆ ಫೋನ್ ಮಾಡಿದೆ. "ಅಯ್ಯೋ, ಈ ಕೂಸು ಬಡಿಸೋದಾ? ಮಧ್ಯದಲ್ಲಿ ಬುಟ್ಟಿ ಇಟ್ಟು ಎದ್ದು ಹೋದರೆ ಎಂತ ಮಾಡೋದು ಮಾರಾಯ್ರೇ? ಈ ಸಲ ಹಾಗಾದ್ರೆ ಅವಳು ಮತ್ತೆ ಯಾರ ಮನೆ ಮೆಟ್ಟಿಲೂ ಹತ್ತಲ್ಲ" ಎಂದರು. ಅವರ ಭಯವೂ ನಿಜವೇ. ಆದರೂ ಒಪ್ಪಿದರು.

ಭಾನುವಾರ ಬಂತು. (ಕ್ಲೈಂಟ್ ಮನೆಯ ಊಟಕ್ಕೆ ಹೋಗುವುದು ನಮ್ಮಲ್ಲಿ ಸರಿಯಲ್ಲ. ಸುಮಳೇ ಕರೆದಳು, ಹೋದೆ.) ನೋಡುತ್ತೇನೆ, ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಹಿಡಿದು ಬರುತ್ತಿದ್ದಾಳೆ! ಗದ್ದಲ ತಡೆಯಲು ಕೂದಲ ಮರೆಯಲ್ಲಿ ಇಯರ್‌ಪ್ಲಗ್. ಮುಖ ಬಿಗಿದಿದೆ.

"ಹೋಳಿಗೆ?"

ಸಾಲಿನ ಮೊದಲಲ್ಲಿದ್ದ ಗಂಭೀರ ಮುಖದ ಚಿಕ್ಕಮ್ಮ ರೂಢಿಯಂತೆ "ಬೇಡ ಬೇಡ" ಎಂದರು. ಸುಮ ಮುಂದೆ ಹೋದಳು. ಎರಡನೆಯವರೂ ಬೇಡ ಎಂದರು. ಮುಂದೆ ಹೋದಳು. ನಾನು? ನಾಚಿಕೆಗೇಡು, ನಾನೂ ಮರ್ಯಾದೆಗೆ "ಅಯ್ಯೋ ಬೇಡಮ್ಮ" ಎಂದೆ. ಬುಟ್ಟಿ ಹೋಯಿತು!

ಇಡೀ ಪಂಕ್ತಿ ತಬ್ಬಿಬ್ಬು. ಒತ್ತಾಯ ಬರುತ್ತದೆ ಎಂದು ಕಾದವರೆಲ್ಲ ಹೋಳಿಗೆಯಿಲ್ಲದ ತಮ್ಮ ಎಲೆ ನೋಡಿಕೊಂಡು ಕೂತರು. ಎನ್.ಆರ್. ಪುರದಿಂದ ಬಂದಿದ್ದ, ಶುಗರ್ ಇರುವ ಅಜ್ಜ ಒಬ್ಬರು ಮಾತ್ರ ಖುಷಿಯಲ್ಲಿದ್ದರು. "ನನ್ನ ಮಾತು ಕೇಳಿದವಳು ಇವಳೊಬ್ಬಳೇ ಮಾರಾಯ್ರೇ!"

ಎರಡನೇ ಸುತ್ತು. "ಹೋಳಿಗೆ?" ಈಗ ನೋಡಬೇಕಿತ್ತು! "ಹಾಕು!" "ನಂಗೆ ಎರಡು!" ಗಂಭೀರ ಚಿಕ್ಕಮ್ಮ ಎಲೆಯನ್ನೇ ಮುಂದೆ ತಳ್ಳಿದರು. ನನ್ನ ಬಾಯಿಗೆ ಮಾತ್ರ ಬುದ್ಧಿ ಬರಲಿಲ್ಲ. ಮತ್ತೆ "ಬೇಡಮ್ಮ" ಎಂದಿತು. ಮತ್ತೆ ಹೋಯಿತು.

ಕೊನೆಯ ಪಂಕ್ತಿಯಲ್ಲಿ ಬಡಿಸಿದವರೆಲ್ಲ ಕೂತರು. ಸುಮಳೂ ತಂಗಿಯ ಪಕ್ಕ ಕೂತಳು. ಇದು ಯಾವ ಪ್ಲಾನಿನಲ್ಲೂ ಇರಲಿಲ್ಲ! ಅಷ್ಟರಲ್ಲಿ ಬಂತು ಪಾಯಸದ ಬಕೆಟ್, ಹಿಡಿದವರು ಅದೇ ದೊಡ್ಡಪ್ಪ. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ಬೇಡ" ಎಂದಳು ಸುಮ.

ಸೌಟು ಎತ್ತಿದ್ದ ಕೈ ನಿಂತಿತು. ನಮ್ಮ ಪಂಕ್ತಿಯಲ್ಲೇ ಉಂಡಿದ್ದ ದೊಡ್ಡಪ್ಪನಿಗೂ ಮೊದಲ ಸುತ್ತಿನಲ್ಲಿ ಹೋಳಿಗೆ ತಪ್ಪಿತ್ತು, ಅದು ನೆನಪಾಗಿರಬೇಕು.

"ಬೇಡ್ವನೇ?"

"ಬೇಡ."

"ಆಯ್ತು ಮಗಾ" ಎಂದು ಅವರು ಮುಂದೆ ಹೋದರು. ಒಂದು ಹನಿ ಬೀಳಲಿಲ್ಲ! ನನಗೆ ಎದ್ದು ಚಪ್ಪಾಳೆ ತಟ್ಟುವಷ್ಟು ಸಂತೋಷ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಸುಮ ಮಾತ್ರ ತನ್ನ ಪಾಡಿಗೆ ಏನೂ ಹರಿಯದ ಎಲೆಯ ಮೇಲೆ, ಕೊನೆಯ ತುತ್ತಿನವರೆಗೆ ಉಂಡಳು. ಒಬ್ಬಳ "ಬೇಡ"ವನ್ನು ಬೇಡ ಎಂದೇ ಕೇಳಿಸಿಕೊಳ್ಳಲು ನಮಗೆ ಇಷ್ಟೆಲ್ಲ ಬೇಕಾಯಿತೇ?

ಹೊರಡುವಾಗ ಅವಳೇ ಹತ್ತಿರ ಬಂದಳು. "ಮೇಡಂ, ನಿಮಗೆ ಹೋಳಿಗೆ ಬೇಕಿತ್ತಾ?"

"ಬೇಕಿತ್ತು" ಎಂದೆ.

"ಮತ್ತೆ ಹಾಗೇ ಹೇಳಬೇಕಪ್ಪ. ಮುಂದಿನ ಸಲ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ."

ಸೋಮವಾರದಿಂದ ಕನ್ನಡಿ ಮುಂದೆ ನಿಂತು ಶುರು ಮಾಡಿದ್ದೇನೆ. ನೀವು ಯಾವಾಗ?